ನಾನು ತೆಗೆದ ಅಲುಗದ ವಿಡಿಯೋ

ವಿಡಿಯೋ ತೆಗೆಯುವುದರಲ್ಲಿ ಏನಿದೆ ಮಹಾ! ಕ್ಯಾಮೆರಾ ಹಿಡಿಯಬೇಕು, ಗುಂಡಿ ಒತ್ತಬೇಕು, ನಡೆಯಬೇಕು. ಜನವಾಡದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು ನಾನು. ಗುರುತ್ವಾಕರ್ಷಣೆಯನ್ನೇ ಮಕ್ಕಳ ತಲೆಗೆ ಇಳಿಸಿದವನಿಗೆ ಕ್ಯಾಮೆರಾ ಯಾವ ಲೆಕ್ಕ!

ಆದರೆ ನಾನು ಈ ಉಸಾಬರಿಗೆ ಬಿದ್ದದ್ದು ಕಲಾಪ್ರೇಮದಿಂದಲ್ಲ, ಹೊಟ್ಟೆಕಿಚ್ಚಿನಿಂದ. ನನಗೊಬ್ಬ ಷಡ್ಡಕನಿದ್ದಾನೆ. ಹೆಂಡತಿಯ ತಂಗಿಯ ಗಂಡ, ಭಾಲ್ಕಿಯ ಶಿವರಾಜ. ನನಗಿಂತ ಚಿಕ್ಕವನು, ನನಗಿಂತ ಎತ್ತರ, ತಲೆಯ ಮೇಲೆ ನನಗಿಂತ ಹೆಚ್ಚು ಕೂದಲು. ಇಷ್ಟನ್ನೆಲ್ಲ ಸಹಿಸಿಕೊಂಡೇ ಇದ್ದೆ. ಭಾತಂಬ್ರಾದಲ್ಲಿ ಮಾವನವರ ಹೊಸ ಮನೆಯ ಗೃಹಪ್ರವೇಶದ ದಿನ ಅವನು ಸಣ್ಣದೊಂದು ಕ್ಯಾಮೆರಾವನ್ನು ಗಿಂಬಲ್ ಎಂಬ ಹಿಡಿಕೆಗೆ ಸಿಕ್ಕಿಸಿಕೊಂಡು ಬಂದ. ಕೈ ಎಷ್ಟೇ ಅಲುಗಿದರೂ ಚಿತ್ರ ಅಲುಗದಂತೆ ನೋಡಿಕೊಳ್ಳುವ ಯಂತ್ರವದು. ಅವನ ವಿಡಿಯೋ ಹೊಸಿಲಿನಿಂದ ದೇವರ ಮನೆಯವರೆಗೆ ಎಣ್ಣೆಯ ಮೇಲೆ ಜಾರಿದಂತೆ ಹೋಯಿತು. ನಾನೂ ಮೊಬೈಲಿನಲ್ಲಿ ತೆಗೆದಿದ್ದೆ. ಅತ್ತೆ ಅದನ್ನು ನೋಡಿದರು.

"ಅಯ್ಯ, ಭೂಕಂಪ ಆದಂಗ ಆಗ್ಯಾದಲ್ರಿ ಅಳಿಯಾರೆ!"

ನನ್ನ ಹೆಂಡತಿ ಕಲಾವತಿಯಾದರೂ ನನ್ನ ಕಡೆ ನಿಲ್ಲಬಾರದೇ? "ಶಿವರಾಜನ ಕೈ ನೋಡ್ರಿ, ಎಷ್ಟ ನಯ!" ಎಂದಳು. ನನ್ನ ಹೊಟ್ಟೆಯಲ್ಲಿ ರೊಟ್ಟಿಯ ಹಂಚು ಕಾಯತೊಡಗಿತು.

ಮರುದಿನವೇ ಬೀದರಿನ ಕ್ಯಾಮೆರಾ ಅಂಗಡಿಯಲ್ಲಿದ್ದೆ.

"ಎಂಥಾದ್ದು ಬೇಕ್ರಿ ಸರ?" ಎಂದ ಅಂಗಡಿಯವ.

"ಭಾಲ್ಕಿಯವರೊಬ್ರು ನಿಮ್ಮ ಕಡಿಂದ ಒಯ್ದಾರಲ್ಲ, ಅದಕ್ಕಿಂತ ದೊಡ್ಡದು!"

"ಮನಿ ಕಾರ್ಯಕ್ಕ ಸಣ್ಣದೇ ಛಲೋರಿ. ಹಗುರ ಇರ್ತದ, ಗಿಂಬಲ್ ಮ್ಯಾಲ ಬರೋಬರಿ ಕೂಡ್ತದ."

"ದೊಡ್ಡದೇ ಕೊಡ್ರಿ."

ಕಲ್ಲಿನ ಗುಂಡಿನಷ್ಟು ಭಾರದ ಕ್ಯಾಮೆರಾ ಬಂತು, ಅದರ ಮೂತಿಗೆ ತಂಬಿಗೆಯಷ್ಟು ಲೆನ್ಸು. ಹಿಡಿಕೆ ಮಾತ್ರ ಶಿವರಾಜನ ಕೈಯಲ್ಲಿ ಕಂಡಿದ್ದನ್ನೇ ಕೇಳಿದೆ. ಅಂಗಡಿಯವ ತಲೆ ಕೆರೆದುಕೊಂಡ. "ಇಷ್ಟ ವಜ್ಜಿ ಅದು ತಡಿಯಂಗಿಲ್ರಿ ಸರ."

"ತಡೀತದ. ನಾ ವಿಜ್ಞಾನದ ಮಾಸ್ತರ ಇದ್ದೇನಿ."

ಮನೆಗೆ ತಂದು ಕ್ಯಾಮೆರಾ ಕೂಡಿಸಿದೆ. ಗಿಂಬಲ್ ಚಳಿಜ್ವರ ಬಂದಂತೆ ನಡುಗಿತು, ಕುಂಯ್ ಎಂದಿತು, ಮನೆಪಾಠ ಮಾಡದ ವಿದ್ಯಾರ್ಥಿಯಂತೆ ಕತ್ತು ತಗ್ಗಿಸಿತು. ಮತ್ತೆ ಏಳಲಿಲ್ಲ!

ವಾಪಸು ಒಯ್ದಾಗ ಅಂಗಡಿಯವ ವಿನಯದಿಂದ ಕೇಳಿದ: "ವಿಜ್ಞಾನ ಏನಂತದ್ರಿ ಸರ?"

ಅಂಗಡಿಯಲ್ಲಿದ್ದ ಅತಿ ದೊಡ್ಡ ಗಿಂಬಲನ್ನೇ ಬದಲಿಗೆ ಪಡೆದೆ. ಅದಕ್ಕೊಂದು ಹೊಸ ವಿದ್ಯೆಯೂ ಬರುತ್ತಿತ್ತು. ಯಾರಾದರೂ ಅದರ ಮುಂದೆ ಅಂಗೈ ಎತ್ತಿ ತೋರಿಸಿದರೆ ಸಾಕು, ಅವರ ಮುಖವನ್ನು ಗುರುತಿಟ್ಟುಕೊಂಡು ಅವರು ಹೋದಲ್ಲೆಲ್ಲ ತಾನೂ ತಿರುಗುತ್ತದಂತೆ.

"ಭಾಲ್ಕಿಯವರದಕ್ಕ ಇದು ಅದ ಏನ್ರಿ?"

"ಇಲ್ರಿ."

"ಕಟ್ಟ್ರಿ!"

ಆಮೇಲೆ ಅಭ್ಯಾಸ. ಮೊಣಕಾಲು ಬಗ್ಗಿಸಿ, ಬೆಕ್ಕಿನಂತೆ ನಡೆದರೆ ವಿಡಿಯೋ ಇನ್ನೂ ನಯವಾಗುತ್ತದೆ ಎಂದು ಎಲ್ಲೋ ಕೇಳಿದ್ದೆ. ಓಣಿಯಲ್ಲಿ ಹಾಗೆ ನಡೆಯುತ್ತಿದ್ದಾಗ ಪಕ್ಕದ ಮನೆಯ ವೀರಶೆಟ್ಟಿ ಕಾಕಾ ಗೇಟಿನ ಬಳಿ ನಿಂತು ನೋಡಿದರು. "ನಡಾ ಹಿಡದದೇನ್ರಿ ಮಾಸ್ತರ?" ಎಂದು ಮರುಗಿ, ಸಂಜೆ ನೋವಿನ ಎಣ್ಣೆ ಕೊಟ್ಟು ಕಳಿಸಿದರು. ಅಷ್ಟೊತ್ತಿಗೆ ನಡ ನಿಜವಾಗಿಯೂ ಹಿಡಿದಿತ್ತು. ಹಚ್ಚಿಕೊಂಡೆ.

ನನ್ನ ದಿನ ಬಂದೇ ಬಂತು. ಔರಾದ ತಾಲ್ಲೂಕಿನ ಎಕಂಬಾದಲ್ಲಿ, ಹುಡುಗಿಯ ಮನೆಯಲ್ಲಿ, ಹೆಂಡತಿಯ ತಮ್ಮನ ನಿಶ್ಚಿತಾರ್ಥ. ಮೊದಲೇ ಶಿವರಾಜನಿಗೆ ಫೋನು ಮಾಡಿ ಹೇಳಿದೆ: "ಈ ಸಲ ನೀ ಆರಾಮ ಕೂಡಪಾ. ವಿಡಿಯೋ ಪೂರಾ ನಾನೇ ತಗೀತೇನಿ."

"ಆಯ್ತ್ರಿ ಅಣ್ಣಾ, ನನಗೂ ಜರಾ ಪುರಸೊತ್ತು ಸಿಗ್ತದ."

ಒಂದಿಷ್ಟಾದರೂ ಬೇಸರ ಮಾಡಿಕೊಳ್ಳಬಾರದೇ! ಅದಕ್ಕೂ ಹೊಟ್ಟೆ ಉರಿಯಿತು.

ಎಕಂಬಾದ ಆ ಅಂಗಳಕ್ಕೆ ಮೊಣಕಾಲು ಬಗ್ಗಿಸಿ ಪ್ರವೇಶ ಮಾಡಿದೆ. ಬಾಗಿಲ ಮುಂದಿನ ಚಪ್ಪಲಿಗಳನ್ನು ಎಡವಬಾರದೆಂದು ಕಣ್ಣು ನೆಲದ ಮೇಲೆ. ಎದುರಿನಿಂದ ಶಿವರಾಜ ಕೈಯೆತ್ತಿ ಅಂಗೈ ಬೀಸಿದ. "ನಮಸ್ಕಾರ್ರಿ ಅಣ್ಣಾ!"

ಗಿಂಬಲ್ಲಿನ ಮೇಲೆ ಹಸಿರು ದೀಪ ಹೊತ್ತಿತು. ಶುಭಶಕುನವೆಂದುಕೊಂಡೆ!

ಉಂಗುರ ಬದಲಿಸುವ ಹೊತ್ತಾಯಿತು. ನಾನು ಗಂಡು ಹೆಣ್ಣಿನ ಮುಂದೆ ಸರಿಯಾಗಿ ನಿಂತೆ. ಕ್ಯಾಮೆರಾ ಮೆಲ್ಲಗೆ ಎಡಕ್ಕೆ ಕತ್ತು ಹೊರಳಿಸಿತು. ನಾನು ಬಲಕ್ಕೆ ತಿರುಗಿಸಿದೆ. ಅದು ಮತ್ತೆ ಎಡಕ್ಕೆ ಹೋಯಿತು. ಎಡಗಡೆ ಶಿವರಾಜ ಭಜಿ ತಿನ್ನುತ್ತ ನಿಂತಿದ್ದ.

"ಅಣ್ಣಾ, ಹುಡುಗಾ ಹುಡುಗಿ ಆ ಕಡಿ ಅದಾರ್ರಿ!"

"ನೀ ಸರೀಪಾ ಜಲ್ದಿ!"

ಅವನು ಸರಿದ. ಕ್ಯಾಮೆರಾವೂ ಸರಿಯಿತು. ಅವನು ಕಂಬದ ಹಿಂದೆ ಅಡಗಿದ. ಕ್ಯಾಮೆರಾ ಕಂಬವನ್ನೇ ನೋಡುತ್ತ ಕಾಯಿತು. ಕುತೂಹಲದಿಂದ ಅವನು ಇಣುಕಿದ. ಮತ್ತೆ ಹಿಡಿಯಿತು! ಇದನ್ನು ಬಿಡಿಸುವ ಗುಂಡಿ ಯಾವುದೆಂದು ನೋಡಲು ನನಗೆ ಕೈ ಬಿಡುವಿರಲಿಲ್ಲ. ಭಾರಕ್ಕೆ ಎರಡೂ ತೋಳು ಥರಥರ ನಡುಗುತ್ತಿದ್ದವು. ಅಷ್ಟರಲ್ಲಿ ಉಂಗುರ ಬದಲಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಕ್ಯಾಮೆರಾ ಶಿವರಾಜನ ಚಪ್ಪಾಳೆ ತೆಗೆಯಿತು.

ಮುಂದಿನ ಭಾನುವಾರ ಭಾತಂಬ್ರಾದಲ್ಲಿ ಇಡೀ ಮನೆಯವರು ಟಿವಿ ಮುಂದೆ ಕೂತರು. ಶಿವರಾಜ ನಕ್ಕ. ಶಿವರಾಜ ನೀರು ಕುಡಿದ. ಶಿವರಾಜ ಹೋಳಿಗೆಗೆ ತುಪ್ಪ ಹಾಕಿಸಿಕೊಂಡ.

"ಭಾವಾ, ನಾ ಎಲ್ಲಿ ಅದೀನ್ರಿ?" ಎಂದ ಮದುಮಗ.

"ಬರ್ತಿ, ತಡಿ."

ಬಂದ. ಶಿವರಾಜನ ಭುಜದ ಹಿಂದೆ ಅವನ ಮೊಣಕೈ ಬಂತು. ಹುಡುಗಿಯದು ಅದೂ ಇಲ್ಲ!

ನಾನು ರಿಮೋಟಿಗೆ ಕೈ ಹಾಕಿದೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಜಗಳಾಡೋ ಷಡ್ಡಕರನ್ನ ಭಾಳ ಮಂದಿ ನೋಡೇನಿ. ಷಡ್ಡಕನ ಮ್ಯಾಲ ಇಷ್ಟ ಜೀವಾ ಇಟ್ಟೋರನ್ನ ನೋಡಿದ್ದಿಲ್ರಿ ಅಳಿಯಾರೆ!"

ಶಿವರಾಜ ನನ್ನ ಕಾಲು ಮುಟ್ಟಿದ. "ಅಣ್ಣಾ, ಉಂಗುರ ಮತ್ತೊಮ್ಮಿ ಹಾಕಸೋಣು. ನಾ ಹೊರಗ ನಿಂದರ್ತೇನಿ." ಎಲ್ಲ ಬಲ್ಲ ಕಲಾವತಿ ಬಾಯಿಗೆ ಸೆರಗು ತುರುಕಿಕೊಂಡು ಅಡುಗೆಮನೆಗೆ ಓಡಿದಳು.

ವಿಡಿಯೋ ಮಾತ್ರ ಎಲ್ಲಿಯೂ ಕೂದಲೆಳೆಯಷ್ಟೂ ಅಲುಗಿಲ್ಲ. ಈಗ ಅದು ಶಿವರಾಜನ ಮೊಬೈಲ್ ಸ್ಟೇಟಸ್ಸಿನಲ್ಲಿದೆ. ಇಷ್ಟು ಚೆಂದ ಯಾರು ತೆಗೆದರೆಂದು ಭಾಲ್ಕಿಯ ಮಂದಿ ಅವನನ್ನು ಕೇಳುತ್ತಿದ್ದಾರಂತೆ. ಕಂಡರಾಗದವನನ್ನು ಇಷ್ಟು ಸುಂದರವಾಗಿ ತೋರಿಸಿದ ಕಲಾವಿದ ಬೀದರ ಜಿಲ್ಲೆಯಲ್ಲಿ ನಾನೊಬ್ಬನೇ!