ಅಪ್ಪನ ಪಟಗಾದ ಬಣ್ಣ

ಫೋಟೋ ಎಂದರೆ ಕರಿ-ಬಿಳುಪಿನದೇ ಚೆಂದ ಎಂದು ಹೋದ ವರ್ಷ ಒಂದು ತಿಂಗಳಿಡೀ ನಾನು ಕಂಡಕಂಡವರಿಗೆ ಹೇಳುತ್ತ ತಿರುಗಿದೆ. ಮೋರಟಗಿಯಲ್ಲಿ ಹಿಟ್ಟಿನ ಗಿರಣಿ ನಡೆಸುವವನಿಗೆ, ಅದೂ ನಾಲ್ಕನೇ ಈಯತ್ತೆಗೆ ಶಾಲೆ ಬಿಟ್ಟವನಿಗೆ, ಇಂಥ ಅಭಿರುಚಿ ಎಲ್ಲಿಂದ ಬಂತೆಂದು ಹೆಂಡತಿಗೇ ಸೋಜಿಗ. ಅದು ಅಭಿರುಚಿಯಲ್ಲ, ಹೆದರಿಕೆ.

ಅಪ್ಪ ತೀರಿಕೊಂಡ ಮೊದಲ ವರ್ಷದ ಪೂಜೆಗೆ ದೊಡ್ಡ ಫೋಟೋ ಬೇಕಾಗಿತ್ತು. ಅಪ್ಪನ ಫೋಟೋಗಳ ಕತೆ ಕೇಳಬೇಡಿ. ಆಧಾರ್ ಕಾರ್ಡಿನಲ್ಲಿ ಈಗಷ್ಟೇ ಎಮ್ಮೆ ಕದ್ದು ಸಿಕ್ಕಿಬಿದ್ದವನಂತೆ ಕಾಣುತ್ತಾನೆ. ಯಾರದೋ ಮದುವೆಯ ಫೋಟೋದಲ್ಲಿ ಬೀಗರ ಮೊಣಕೈ ಹಿಂದೆ ಅವನ ಒಂದು ಕಿವಿ ಮಾತ್ರ ಇದೆ. ನಕ್ಕ ಫೋಟೋ ಒಂದೇ, ನನ್ನ ಮಗಳು ಮೊಬೈಲಿನಲ್ಲಿ ತೆಗೆದದ್ದು. ಅದರಲ್ಲಿ ಅಪ್ಪನ ತಲೆಗೆ ಹೊಸ ಪಟಗಾ ಸುತ್ತಿದೆ. ಕೇಸರಿಯೂ ಅಲ್ಲದ, ಗುಲಾಬಿಯೂ ಅಲ್ಲದ ಬಣ್ಣ, ಹಸಿರು ಅಂಚು. ಅಂಥದ್ದನ್ನು ಇನ್ನೊಬ್ಬರ ತಲೆಯ ಮೇಲೆ ನಾನು ಕಂಡಿಲ್ಲ.

ಅದನ್ನು ಕೊಂಡವನು ಅಣ್ಣ. ಅಪ್ಪನ ಜೊತೆ ಮಾತು ಬಿಟ್ಟು ಮುದ್ದೇಬಿಹಾಳ ಸೇರಿದವನು, ನಾನೊಮ್ಮೆ ಹೋದಾಗ "ಅಪ್ಪಗ ನಾನ ಕೊಟ್ಟೇನಂತ ಹೇಳೋ ತಮ್ಮಾ" ಎಂದು ಕೈಗಿತ್ತಿದ್ದ. ಹೇಳಬೇಕೆಂದೇ ಬಂದೆ. ಅಪ್ಪ ಪಟಗಾ ಕಂಡವನೇ, "ದೊಡ್ಡಾಂವಂತೂ ನನ್ನ ಮರತ. ನೀನರ ತಂದ್ಯಲ್ಲೋ" ಎಂದು ಬೆನ್ನು ಸವರಿದ. ಅಲ್ಲಿಯವರೆಗೆ ಅಪ್ಪನ ಕೈ ನನ್ನ ಬೆನ್ನಿಗೆ ಬರುತ್ತಿದ್ದುದು ಹೊಡೆಯುವುದಕ್ಕಷ್ಟೇ. ಬಾಯಿ ತೆರೆದರೆ ಆ ಕೈ ನಿಂತೀತೆಂದು ಸುಮ್ಮನಾದೆ. ಅಪ್ಪ ಹಾಗೆಯೇ ನಂಬಿಕೊಂಡು ಹೋದ. ಇತ್ತ ಅಣ್ಣ, ಅಪ್ಪನಿಂದ ಒಂದು ಮಾತೂ ಬಾರದ್ದಕ್ಕೆ, ಅವನು ತನ್ನ ಪಟಗಾ ಮುಟ್ಟಲೇ ಇಲ್ಲವೆಂದುಕೊಂಡು ಒಳಗೊಳಗೇ ನೊಂದ. ಅಪ್ಪನನ್ನು ಮಣ್ಣು ಮಾಡಿದ ದಿನವೂ ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ಫೋಟೋ ಮಾಡಿಸಲು ಅಣ್ಣನೂ ಬರುವವನಿದ್ದ; ಬಣ್ಣ ಕಂಡರೆ ಪಟಗಾದ ಗುರುತು ಹಿಡಿದಾನೆಂದು ಅವನ ಬಸ್ಸಿಗಿಂತ ಮೊದಲೇ ಸಿಂದಗಿಯ ಸ್ಟುಡಿಯೋ ಸೇರಿದೆ.

"ಬಣ್ಣ ತಗದುಬಿಡ್ರಿ. ಹಿರ್ಯಾರಿಗೆ ಕರಿ-ಬಿಳುಪು ಒಪ್ಪತೈತಿ."

"ಕಾಕಾರ, ಇಂಥಾ ಪಟಗಾ ಬೂದಿ ಮಾಡಾಕ ಕೈ ಬರವಲ್ದರಿ."

"ಲಗೂನ ಮಾಡ್ರಿ!"

ಮಾಡಿದ. ಅಷ್ಟರಲ್ಲಿ ಅಣ್ಣ ಬಂದು ಕನ್ನಡಕ ಏರಿಸಿ ನೋಡಿದ.

"ಅಪ್ಪ ಮಸಿ ಹತ್ತಿದಂಗ ಕಾಣ್ತಾನಲ್ಲೋ. ಬಣ್ಣದ್ದು ಇಲ್ಲೇನ್ರಿ?"

"ಇಲ್ಲ" ಎಂದೆ ನಾನು.

"ಐತ್ರಿ" ಎಂದ ಸ್ಟುಡಿಯೋದವನು, ಗುಂಡಿ ಒತ್ತಿಯೂ ಬಿಟ್ಟ.

ಪರದೆ ತುಂಬ ಪಟಗಾ. ಅಣ್ಣ ಬೆರಳು ಚಾಚಿ ಹಸಿರು ಅಂಚನ್ನು ಮುಟ್ಟಿದ.

"ಸುತ್ಕೊಂಡಿದ್ದನೇನೋ? ನಾ ಕೊಟ್ಟದ್ದು?"

"ಹೂಂ."

"ಏನಂದ?"

ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. "ಭಾಳ ಖುಷಿ ಆದ ಅಣ್ಣಾ" ಎಂದೆ. ಅದು ಸುಳ್ಳಲ್ಲ. ಯಾರ ಮೇಲೆ ಖುಷಿಯಾದ ಎಂಬುದೊಂದನ್ನು ಬಿಟ್ಟೆ, ಅಷ್ಟೇ.

ಅಣ್ಣ ಟವೆಲಿನಿಂದ ಮುಖ ಒರೆಸಿಕೊಂಡ. "ನೀನ ಹೇಳಿ ಸುತ್ತಿಸಿರಬೇಕು, ಶಾಣ್ಯಾ. ಬಣ್ಣದ್ದ ಮಾಡ್ರಿ, ಎಷ್ಟು ದೊಡ್ಡದು ಆಗತೈತೋ ಅಷ್ಟು!"

ಈಗ ಅಪ್ಪ ನಮ್ಮ ಪಡಸಾಲೆಯಲ್ಲಿ ಬಾಗಿಲಿನಷ್ಟು ದೊಡ್ಡದಾಗಿ ನಗುತ್ತಾನೆ. ಅಣ್ಣ ಬಂದಾಗಲೆಲ್ಲ ಪಟಗಾ ಪೂರ್ತಿ ಕಾಣಲೆಂದು ಗಂಧದ ಹಾರವನ್ನು ಕೆಳಗೆ ಸರಿಸುತ್ತಾನೆ. ಅವನನ್ನು ಬಸ್ಸು ಹತ್ತಿಸಿ ಬಂದು, ಸ್ಟೂಲು ಹಾಕಿಕೊಂಡು, ನಾನು ಅದನ್ನು ಮತ್ತೆ ಮೇಲಕ್ಕೆಳೆಯುತ್ತೇನೆ. ಹೆಂಡತಿ ಕೇಳಿದರೆ, ಬಿಸಿಲಿಗೆ ಪಟಗಾದ ಬಣ್ಣ ಹೋಗಬಾರದಲ್ಲ ಎನ್ನುತ್ತೇನೆ.