ನಮ್ಮ ಸಂಘದ ಶಾಲು ಸತ್ಕಾರ

ಕಂಡಕ್ಟರ್ ಆದಾಂವ ನಗೂ ಸುದ್ದಿ ಹುಡುಕ್ಕೋತ ಹೋಗಬೇಕಾಗಿಲ್ರಿ, ಟಿಕೀಟು ಹರಿಯೂದ್ರಾಗ ತಾನ ಬಂದು ಬಾಜೂಕ ಕುಂಡ್ರತೈತಿ. ನಿಪ್ಪಾಣಿಯಿಂದ ಚಿಕ್ಕೋಡಿ ಮ್ಯಾಲೆ ಅಥಣಿ ತನಕಾ ನನ್ನ ಬಸ್ಸು. ಆ ದಾರ್ಯಾಗ ನಮ್ಮಂಥವರು ಒಬ್ಬೊಬ್ಬರಾಗಿ ಸಿಕ್ರು. ನಮ್ಮಂಥವರು ಅಂದ್ರ ಗಂಡಸನ್ನ ಪ್ರೀತಿ ಮಾಡೋ ಗಂಡಸರು, ಹೆಂಗಸನ್ನ ಪ್ರೀತಿ ಮಾಡೋ ಹೆಂಗಸರು. ತೊಂಬತ್ತರ ದಶಕದಾಗ ಅದನ್ನ ಬಾಯಿಬಿಟ್ಟು ಹೇಳಾಕ ನಮ್ಮ ಕಡೆ ಒಂದು ಮರ್ಯಾದಿ ಶಬ್ದಾನೂ ಇರಲಿಲ್ಲ. ನಮ್ಮೊಳಗಿನ ಒಬ್ಬಾಂವ, ಮನಿಯವರು ಒತ್ತಾಯದಿಂದ ಲಗ್ನಾ ಗೊತ್ತು ಮಾಡಿದಾಗ, ಜೀವಾ ಕಳಕೊಂಡ. ಅವನ ಮಣ್ಣಿಗೆ ಹೋಗಿ ಬಂದ ಮ್ಯಾಲೆ, ಇನ್ನ ಯಾರೂ ಹಿಂಗ ಒಬ್ಬಂಟಿಗ ಆಗಬಾರದಂತ ಸಂಘಾ ಮಾಡಿದ್ವಿ. ವರ್ಷ ತುಂಬಿದಾಗ, ನಮ್ಮ ಬೆನ್ನಿಗೆ ನಿಂತ ಊರ ಮಂದಿಗೆ ಶಾಲು ಹೊದಸಿ ಸತ್ಕಾರ ಮಾಡೂದಂತ ಠರಾವಾತು.

ನನ್ನ ಚಿಂತಿ ಬ್ಯಾರೇನ ಇತ್ತು. ಅಥಣಿಯ ದ್ರಾಕ್ಷಿ ತೋಟದಾಗ ನಾನೂ ನನ್ನ ಗೆಳೆಯಾನೂ ಕೂಡಿ ಇರತಿದ್ವಿ, ಅವನ ಅವ್ವನೂ ಅದ ಮನ್ಯಾಗ ಇದ್ಳು. ಅಕಿಗೆ ಮಗಾ ನಮ್ಮಿಬ್ಬರ ಖರೇ ಹೇಳಿದ ದಿನದಿಂದ ಅಕಿ ಮಾತು ಬಿಟ್ಟಿದ್ಳು. ತಾಟಿಗೆ ರೊಟ್ಟಿ ಹಾಕತಿದ್ಳು, ಮಾರಿ ನೋಡತಿರಲಿಲ್ಲ. ಸತ್ಕಾರಕ್ಕ ಅಕಿನ್ನೂ ಕರದಿದ್ವಿ. “ಅವ್ವ ಬರಲಿಲ್ಲಂದ್ರ ಹೆಣ್ಣು ನೋಡಾಕ ಒಪ್ಪಿಬಿಡ್ತೀನೋ. ಇನ್ನ ನನಗ ತಾಳೂದಾಗೂದಿಲ್ಲ” ಅಂದಿದ್ದ ಗೆಳೆಯಾ.

ಇಸ್ಪೀಟು

ಚಿಕ್ಕೋಡ್ಯಾಗ ಖಾನಾವಳಿ ನಡಸೋ ಅಕ್ಕ ತನ್ನ ಮ್ಯಾಲಿನ ಖೋಲಿ ನಮಗ ಕೊಟ್ಟಿದ್ಳು. ತಿಂಗಳಿಗೊಮ್ಮೆ ಕೂಡತಿದ್ವಿ, ಬಾಗಲಾ ಮುಚ್ಚಿಕೊಂಡು ಮಾತಾಡತಿದ್ವಿ. ಅನ್ನಾ ಹಾಕೂ ಕೈಗೆ ಸುಳ್ಳು ಹೇಳಬಾರದಂತ ಒಂದಿನ ನಾನ ಕೆಳಗ ಇಳದು, ಎಲ್ಲಾ ಹೇಳಿದೆ. ಅಕ್ಕ ಸಾರಿನ ಸೌಟು ಕೆಳಗಿಟ್ಟು ಎದಿ ಮ್ಯಾಲೆ ಕೈ ಇಟಗೊಂಡ್ಳು. ನಾ ಮುಗೀತು ಕಥಿ ಅಂದ್ಕೊಂಡೆ.

“ಅಯ್ಯ ನಿನ್ನ! ಇಷ್ಟನ? ನಾ ಇಸ್ಪೀಟ್ ಆಡಾಕತ್ತೀರಿ ಅಂತ ತಿಳಕೊಂಡು ಗಾಬರಿ ಆಗಿದ್ನೆಪಾ!”

ಗೊತ್ತಾದ ವರಗೋಳು

ಲಗ್ನಾ ಆಗಲಾರದ ಗಂಡಸರು ಚಿಕ್ಕೋಡ್ಯಾಗ ಒಂದ ಕಡೆ ಕೂಡತಾರಂತ ಸುದ್ದಿ ಹರಡಿ, ಲಗ್ನಾ ಕೂಡಿಸೋ ಮಧ್ಯಸ್ಥ ಒಬ್ಬ ಚೀಲದ ತುಂಬ ಹೆಣ್ಣಿನ ಫೋಟೋ ಹೊತಗೊಂಡು ಬಂದಬಿಟ್ಟ. ನಾವು ಮ್ಯಾಲೆ ಉಸರು ಹಿಡದು ಕುಂತ್ವಿ. ಕೆಳಗ ಅಕ್ಕ ಅಂದ್ಳು, “ಕೈ ತೊಳಕೊಂಡು ಉಣ್ಣಾಕ ಕುಂಡರ್ರಿ. ಮ್ಯಾಲಿನವರದೆಲ್ಲಾ ಲಗ್ನಾ ಗೊತ್ತಾಗೇತ್ರಿ.”

“ಅಷ್ಟೂ ಮಂದೀದೂ? ಯಾವ ಮಧ್ಯಸ್ಥ ಮಾಡಿದ್ರಿ?”

“ಯಾರೂ ಮಾಡಿಲ್ರಿ. ತಮ್ಮ ತಮ್ಮೊಳಗ ಮಾಡ್ಕೊಂಡಾರ.”

ಅಂವ ಚೀಲಾ ಎತಗೊಂಡು ಎದ್ದ. “ಹಿಂಗ ಶುರುವಾದ್ರ ನಮ್ಮ ಧಂದೆ ಮುಳಗಿದಂಗ ಬಿಡ್ರಿ!”

ಎಮ್ಮಿ ಕೊಟ್ಟ ತೀರ್ಪು

ಹಾರೂಗೇರಿ ಹಂತ್ಯಾಕ ನಮ್ಮ ಸಂಘದ ಇಬ್ಬರು ಹೆಣ್ಣಮಕ್ಕಳು ಕೂಡಿ ಇದ್ರು, ಎಮ್ಮಿ ಕಟ್ಟಿ ಹಾಲು ಮಾರತಿದ್ರು. ಒಬ್ಬಾಕಿ ತಮ್ಮ ಸಿಟ್ಟಿಗೆದ್ದು ಬಂದು ಅಕ್ಕನ್ನೂ ಎಮ್ಮಿನ್ನೂ ಕೂಡೇ ಊರಿಗೆ ಹೊಡಕೊಂಡು ಹೋದ. ಹೊಡಕೊಂಡು ಹೋದದ್ದೇನೋ ಖರೆ, ಎಮ್ಮಿ ಹಿಂಡತಿದ್ದಾಕಿ ಇನ್ನೊಬ್ಬಾಕಿ! ಅಕಿ ಕೈ ಇಲ್ಲದ ಎಮ್ಮಿ ಹನಿ ಹಾಲು ಬಿಡಲಿಲ್ಲ. ತಮ್ಮ ಕುಂತ, ಒದೀತು. ತಮ್ಮನ ಹೆಂಡತಿ ಕುಂತ್ಳು, ಚರಿಗಿ ಉಳ್ಳಿಸಿತು. ಹಿಂಡೂ ಕೈ ಬದಲಾದ್ರ ಎಮ್ಮಿ ಮುಂದ ಹಳೇ ಕೈಯಿನ ಅರಿವಿ ಉಟಗೊಂಡು ಕುಂಡ್ರೂದು ನಮ್ಮ ಕಡೆ ಪದ್ಧತಿ. ತಮ್ಮ ಹೋಗಿ ಆ ಹಿಂಡಾಕಿ ಸೀರಿ ಬೇಡಿ ತಂದು, ಮೀಸಿ ಮ್ಯಾಲೆ ಸೆರಗು ಎಳಕೊಂಡು ಕುಂತ. ಎಮ್ಮಿ ಹೊಳ್ಳಿ ಒಮ್ಮೆ ನೋಡಿ ಮತ್ತ ಝಾಡಿಸಿ ಒದೀತು.

ಎಮ್ಮಿ ಮೇವಿನ ಗ್ವಾದ್ಲಿ ಮುಂದ ಅವನ ಅಕ್ಕ ಅಳಕೋತ ನಿಂತಿದ್ಳು. “ಎಮ್ಮಿಗೆ ತಿಳೀತು, ನಿನಗ ತಿಳೀವಲ್ದಲ್ಲೋ ತಮ್ಮಾ” ಅಂದ್ಳು. ಅಂವ ಉಟ್ಟ ಸೀರಿ ಬಿಚ್ಚಿ ಮಡಚಿದ. ಆಮ್ಯಾಲೆ ತಾನ ಅಕ್ಕನ್ನೂ ಎಮ್ಮಿನ್ನೂ ಗೆಳತಿ ಮನಿಗೆ ಮುಟ್ಟಿಸಿ ಬಂದ. ಅವತ್ತಿನಿಂದ ಅವರಿಬ್ಬರ ಬಗ್ಗೆ ಯಾರರೆ ಹಗೂರ ಮಾತಾಡಿದ್ರ ಮೊದಲ ಮೈಮ್ಯಾಲೆ ಹೋಗಾಂವ ಇಂವನ.

ಸತ್ಕಾರದ ದಿನ ಅದ ಖಾನಾವಳಿ ಖೋಲ್ಯಾಗ ಅವನ ಹೆಸರು ಕರದ್ವಿ. ಎದ್ದು ನಿಂತು ಕೈ ಮುಗದ. “ನನಗ್ಯಾಕ್ರಿ ಶಾಲು? ಎಮ್ಮಿಗೆ ಹೊದಸ್ರಿ. ಆದ್ರ ಆ ಸೀರಿ ಸುದ್ದಿ ಮಾತ್ರ ಭಾಷಣದಾಗ ತಗೀಬ್ಯಾಡ್ರಿ!”

ಎಡಕ್ಕ ಯಾರು?

ಮಂದಿ ನಗಾಕತ್ತಾಗ ಗೆಳೆಯಾ ಬಾಗಲಾ ನೋಡಕೋತ ಕುಂತಿದ್ದ. ಕಾರ್ಯಕ್ರಮ ಮುಗಿಯಾಕ ಬಂದಾಗ ಅವನ ಅವ್ವ ಬಂದ್ಳು. ಬಗಲಾಗ ಒಂದು ಚೀಲ. ಗ್ವಾಡಿಗೆ ಬೆನ್ನು ಆನಿಸಿ ಕುಂತ್ಳು. ಮಗಾ ಶಾಲು ಹೊದಸಿದ. ಹೊದಸಿಕೊಂಡ್ಳು. ಮಾರಿ ಮ್ಯಾಲೆ ಎತ್ತಲಿಲ್ಲ.

ಆಮ್ಯಾಲೆ ಚೀಲಾ ಬಿಚ್ಚಿದ್ಳು. ಎರಡು ಟೊಪ್ಪಿಗಿ, ಎರಡು ಟವೆಲ್ಲು, ತೆಂಗಿನಕಾಯಿ. “ಕಂಬಳಿ ಹಾಸ್ರಿ” ಅಂದ್ಳು.

ಗಂಡಾ ಹೆಂಡತಿನ್ನ ಒಂದ ಕಂಬಳಿ ಮ್ಯಾಲೆ ಜೋಡಿಲೆ ಕುಂಡ್ರಸಿ ಬಟ್ಟಿ ಕೊಡೂದಕ್ಕ ನಮ್ಮ ಕಡೆ ಆಯೇರಿ ಅಂತಾರ. ಹೆಂಡತಿ ಎಡಕ್ಕ, ಗಂಡಾ ಬಲಕ್ಕ; ಹೆಂಡತಿಗೆ ಸೀರಿ, ಗಂಡಗ ಟೊಪ್ಪಿಗಿ ಟವೆಲ್ಲು. ಅವ್ವ ಬೆರಳು ಮಾಡಿ ನಮ್ಮಿಬ್ಬರನ್ನೂ ಕರದ್ಳು.

ಖಾನಾವಳಿ ಅಕ್ಕಗ ತಡಿಯಾಕ ಆಗಲಿಲ್ಲ. “ಎಡಕ್ಕ ಯಾರ್ರಿ?” ಅಂದಬಿಟ್ಳು.

ಅದನ್ನ ನಾವಿಬ್ಬರೂ ಎಂದೂ ಮಾತಾಡಿಕೊಂಡಿರಲಿಲ್ಲ. ಅವನ ಮಾನಾ ಹೋಗಬಾರದಂತ ನಾ ಎಡಕ್ಕ ನುಗ್ಗಿದೆ. ನನ್ನ ಮಾನಾ ಹೋಗಬಾರದಂತ ಅಂವನೂ ಎಡಕ್ಕ ನುಗ್ಗಿದ. ತಲಿಗೆ ತಲಿ ಢಣ್ಣಂತ ಬಡದು, ಇಬ್ಬರೂ ಕಂಬಳಿ ಮ್ಯಾಲೆ ಬಿದ್ವಿ. ಯಾರೂ ನಗಲಿಲ್ಲ. ಅಂವ ಬಿದ್ದಲ್ಲೇ ಅಳಾಕತ್ತ.

ಅವ್ವ ನಮ್ಮ ಮಾರಿ ನೋಡಿದ್ಳು, ಎಷ್ಟೋ ತಿಂಗಳ ಮ್ಯಾಲೆ. ಹಣಿ ಬಡಕೊಂಡ್ಳು. ಬಗ್ಗಿ ಅವನ ತಲಿಗೊಂದು, ನನ್ನ ತಲಿಗೊಂದು ಟೊಪ್ಪಿಗಿ ಇಟ್ಟು ಅಂದ್ಳು:

“ಇಬ್ಬರೂ ಹಿಂಗ ತಗ್ಗಿ ನಡದ್ರ ಮನ್ಯಾಗ ಜಗಳಾ ತಗಿಯಾವರು ಯಾರು? ಇರ್ಲಿ, ಅದಕ್ಕ ಅತ್ತಿ ಅಂತ ನಾ ಒಬ್ಬಾಕಿ ಅದೀನಲ್ಲಾ!”