ಇನ್ನೂರು ಕುರಿಗಳ ಆಯ್ಕೆ ಸಮಿತಿ

ವಿದೇಶಕ್ಕೆ ಹೋಗುವ ಯೋಗ್ಯತೆ ನನ್ನಲ್ಲಿದೆ ಎಂಬುದು ನನಗೆ ಮೊದಲಿನಿಂದಲೂ ಗೊತ್ತಿತ್ತು. ವಿದೇಶಕ್ಕೆ ಮಾತ್ರ ಗೊತ್ತಿರಲಿಲ್ಲ.

ರಾಯಚೂರಿನಲ್ಲಿ ನನ್ನದೊಂದು ಮೈಕ್‌ಸೆಟ್ ಅಂಗಡಿ. ಮದುವೆ, ಬಸುರಿಯರ ಕುಬಸ, ಚುನಾವಣೆ, ಶ್ರದ್ಧಾಂಜಲಿ ಸಭೆ, ಯಾವುದೇ ಇರಲಿ, ಮೈಕು ಸ್ಪೀಕರ್ ಬಾಡಿಗೆಗೆ ಕೊಡುತ್ತೇನೆ. ಜನ ನನ್ನನ್ನು ಮೈಕ್ ಶರಣಪ್ಪ ಎನ್ನುತ್ತಾರೆ. ‘ಹಲೋ, ಮೈಕ್ ಟೆಸ್ಟಿಂಗ್’ ಎಂದು ಇಪ್ಪತ್ತು ವರ್ಷದಿಂದ ಹೇಳುತ್ತಿರುವ ನನಗೆ ಧ್ವನಿಯ ವಿಷಯದಲ್ಲಿ ಯಾರೂ ಹೊಸದಾಗಿ ಕಲಿಸಬೇಕಾದ್ದು ಏನೂ ಇಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯವಾಗಿತ್ತು.

ಒಂದು ದಿನ ಕಾಲೇಜಿನ ಇಂಗ್ಲಿಷ್ ಮೇಡಂ ಕಾರ್ಯಕ್ರಮಕ್ಕೆ ಮೈಕ್ ಹೇಳಲು ಬಂದವರು ಮೊಬೈಲಿನಲ್ಲಿ ಒಂದು ಪ್ರಕಟಣೆ ತೋರಿಸಿದರು. ಯುರೋಪಿನ ಯಾವುದೋ ಊರಲ್ಲಿ ಹಳೆಯ ಉಣ್ಣೆ ಗಿರಣಿಯೊಂದನ್ನು ಕಲಾವಿದರ ಮನೆಯಾಗಿ ಮಾಡಿದ್ದಾರಂತೆ. ಸಂಗೀತಗಾರರನ್ನೂ, ಧ್ವನಿಯಿಂದಲೇ ಕೃತಿ ಕಟ್ಟುವವರನ್ನೂ ಬೇರೆ ಬೇರೆ ದೇಶಗಳಿಂದ ಕರೆಸಿ ಆರು ವಾರ ಇಟ್ಟುಕೊಳ್ಳುತ್ತಾರಂತೆ. ವಿಮಾನದ ಖರ್ಚು ಅವರದು, ಕೋಣೆ ಅವರದು, ಊಟ ಅವರದು, ಕೈಖರ್ಚಿಗೂ ಅವರೇ! ಜೊತೆಗೊಬ್ಬ ಸ್ಥಳೀಯ ಮಾರ್ಗದರ್ಶಿ. ನಾವು ಮಾಡಬೇಕಾದ್ದು ಸುತ್ತಲಿನ ಸದ್ದನ್ನು ಕೇಳುವುದು, ಕೊನೆಯ ದಿನ ಕಲಿತದ್ದನ್ನು ಎಲ್ಲರೆದುರು ಒಪ್ಪಿಸುವುದು. ಇದಕ್ಕೆ ರೆಸಿಡೆನ್ಸಿ ಎನ್ನುತ್ತಾರೆ ಎಂದು ಮೇಡಂ ಹೇಳಿದರು. ಅರ್ಜಿಯನ್ನೂ ಅವರೇ ತುಂಬಿಕೊಡುವುದಾಗಿ ಒಪ್ಪಿದರು.

ಸಂಜೆ ಮನೆಗೆ ಹೋಗಿ ಹೆಂಡತಿ ಹುಲಿಗೆಮ್ಮನ ಮುಂದೆ ವಿಷಯ ಮಂಡಿಸಿದೆ.

“ಅಲ್ಲಿ ಹೋಗಿ ಏನ್ ಮಾಡ್ತೀರಿ?” ಎಂದಳು.

“ಕೇಳ್ತೀನಿ.”

“ಏನ್ ಕೇಳ್ತೀರಿ?”

“ಸುಮ್ನ ಕುಂತು ಕೇಳೋದು. ಅದೇ ಕೆಲಸ.”

ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. “ಹದಿನೆಂಟು ವರ್ಷಾತು, ಮನ್ಯಾಗ ನಾ ಹೇಳಿದ್ದು ಒಂದೂ ಕೇಳಿಲ್ಲ. ಕೇಳಾಕ ವಿಮಾನದಾಗ ಹೋಗಬೇಕೇನ್ರಿ?”

ದೊಡ್ಡ ಕಲಾವಿದರ ಮನೆಗಳಲ್ಲಿ ಇಂಥ ಅಡ್ಡಿ ಆತಂಕಗಳು ಇದ್ದದ್ದೇ ಎಂದುಕೊಂಡು ರೊಟ್ಟಿ ಮುರಿದೆ.

ಅರ್ಜಿಯ ಜೊತೆಗೆ ನಮ್ಮ ನೆಲದ್ದೇ ಆದ, ಬೇರೆಲ್ಲೂ ಸಿಗದ ಧ್ವನಿಯೊಂದನ್ನು ಐದು ನಿಮಿಷ ಮುದ್ರಿಸಿ ಕಳಿಸಬೇಕಿತ್ತು. ಮೊದಲು ಮಾನ್ವಿಗೆ ಹೋದೆ. ಬಸ್‌ಸ್ಟ್ಯಾಂಡಿನಲ್ಲಿ ಶೇಂಗಾ ಮಾರುವ ಒಬ್ಬ ಮುದುಕಿ ಕೂಗುತ್ತಿದ್ದಳು. ಎಂಥಾ ಕಂಠ! ಮೈಕನ್ನು ಅವಳ ಮುಂದೆ ಹಿಡಿದೆ. ಅವಳು ತಟ್ಟನೆ ಕೂಗು ನಿಲ್ಲಿಸಿ ಸೆರಗು ಸರಿಮಾಡಿಕೊಂಡು, “ಟೀವ್ಯಾರೇನಪಾ? ನಮ್ಮ ಓಣ್ಯಾಗ ಗಟಾರ ತುಂಬಿ ಹರಿಯಾಕತ್ತದ, ಹೇಳೋರಿಲ್ಲ ಕೇಳೋರಿಲ್ಲ!” ಎಂದು ಶುರುಮಾಡಿದಳು. ಅವಳ ಹಿಂದೆ ಸಾಲು ಹತ್ತಿತು. ಪಿಂಚಣಿ ಬಾರದವರು, ನಳದಲ್ಲಿ ನೀರು ಬಾರದವರು, ಹೊಲಕ್ಕೆ ದಾರಿ ಇಲ್ಲದವರು. ನಲವತ್ತು ನಿಮಿಷ ಮುದ್ರಣವಾಯಿತು. ಬೇರೆಲ್ಲೂ ಸಿಗದ ಧ್ವನಿ ಅದರಲ್ಲಿ ಒಂದೂ ಇರಲಿಲ್ಲ.

ಪೆಚ್ಚುಮೋರೆ ಹಾಕಿಕೊಂಡು ಮನೆಗೆ ಬಂದಾಗ ದಾರಿ ತೋರಿಸಿದವಳು ಹುಲಿಗೆಮ್ಮನೇ. “ನಮ್ಮಪ್ಪ ಕುರಿ ಕರಿಯೋದು ಕೇಳೀರೇನು? ಅಂಥಾದ್ದು ಎಲ್ಲೂ ಇಲ್ಲ ನೋಡ್ರಿ.”

ಅವಳಪ್ಪ ಅಮರಪ್ಪ ದೇವದುರ್ಗದ ಕಡೆ ಅರಕೇರಾದಲ್ಲಿ ಇನ್ನೂರು ಕುರಿ ಸಾಕಿಕೊಂಡಿರುವವರು. ನನ್ನ ತಾಯಿಯ ತಮ್ಮನೂ ಅವರೇ, ಹೀಗಾಗಿ ನನಗೆ ಎರಡು ಕಡೆಯಿಂದಲೂ ಮಾವ. ಮರುದಿನವೇ ಹೋಗಿ, “ಮಾಮಾ, ಒಮ್ಮಿ ಕರೀರಿ, ರೆಕಾರ್ಡ್ ಮಾಡ್ಕೊಂತೀನಿ” ಎಂದೆ.

“ಈಗ್ಯಾಕ ಕರೀಲಿ? ಈಗ ಅವು ಮೇಯಾಕತ್ತಾವ.”

“ಸುಮ್ನ ಕರೀರಿ.”

ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಸುಮ್ನ ಕರೀಬಾರ್ದು ಅಳಿಯಾ. ಇದು ನೀರಿಗೆ ಕರಿಯೋ ದನಿ. ಕರದ್ರ ಮುಂದ ನೀರಿರಬೇಕು. ಒಮ್ಮಿ ಸುಳ್ಳು ಕರದ್ರ, ಖರೇ ಕರದಾಗ ಬರಂಗಿಲ್ಲ. ನಮ್ಮಪ್ಪ ಕರದಿಲ್ಲ, ನಾನೂ ನಲವತ್ತು ವರ್ಷದಾಗ ಒಮ್ಮೀನೂ ಸುಳ್ಳು ಕರದಿಲ್ಲ.”

ಮಧ್ಯಾಹ್ನದ ತನಕ ಕಾದೆ. ಕಾಲುವೆಯ ದಂಡೆಯಲ್ಲಿ ನಿಂತು ಮಾವ ಕರೆದರು. ಮೊದಲು ನಾಲಿಗೆ ಅಂಗುಳಕ್ಕೆ ಹಚ್ಚಿ ಸಣ್ಣದೊಂದು ಗುಡುಗು, ಅದರ ಹಿಂದೆ ಎದೆಯಿಂದ ಎದ್ದುಬಂದ ಉದ್ದನೆಯ ‘ಹೋ…ಯ್ಯಾ…’. ದೂರದಲ್ಲಿ ಚದುರಿದ್ದ ಕುರಿಗಳೆಲ್ಲ ಒಟ್ಟಿಗೆ ತಲೆ ಎತ್ತಿದವು. ಕರಿಮುಖದ ಒಂದು ಹಳೇ ಕುರಿ ಮುಂದೆ, ಉಳಿದವೆಲ್ಲ ಹಿಂದೆ, ಧೂಳೆಬ್ಬಿಸಿಕೊಂಡು ಓಡಿಬಂದವು. ಆ ಹಳೇ ಕುರಿಗೆ ಮಾವ ಗೌಡಶಾನಿ, ಅಂದರೆ ಊರಗೌಡರ ಹೆಂಡತಿ, ಎಂದು ಹೆಸರಿಟ್ಟಿದ್ದರು. ಗೌಡಶಾನಿ ನೀರಿಗೆ ಬಾಯಿ ಇಡುವವರೆಗೆ ಉಳಿದವು ಇಡಲಿಲ್ಲ. ಆ ಐದು ನಿಮಿಷದ ಮುದ್ರಣ ನಾನು ಇಪ್ಪತ್ತು ವರ್ಷದಲ್ಲಿ ಮಾಡಿದ ಒಂದೇ ಒಳ್ಳೆಯ ಕೆಲಸ. ಅದನ್ನು ಅಲ್ಲಿಗೇ ಬಿಟ್ಟಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ಹೊರಡುವಾಗ ಮಾವ ಒಂದೇ ಮಾತು ಹೇಳಿದರು. “ಇದನ್ನ ಕುರಿ ಹತ್ರ ಹಚ್ಚಬ್ಯಾಡ.”

“ನಿಮ್ಮಾಣಿ ಮಾಮಾ, ಹಚ್ಚಂಗಿಲ್ಲ” ಎಂದೆ.

ಎರಡು ತಿಂಗಳ ಮೇಲೆ ಮೇಡಂ ಅಂಗಡಿಗೆ ಓಡಿಬಂದರು. ನಾನು ಕೊನೆಯ ಸುತ್ತಿಗೆ ಆಯ್ಕೆಯಾಗಿದ್ದೆ! ವಿಡಿಯೋದಲ್ಲಿ ಸಂದರ್ಶನ. ಆ ಧ್ವನಿ ಹುಟ್ಟಿದ ಜಾಗದಿಂದಲೇ ನಾನು ಮಾತಾಡಿದರೆ ಸಂತೋಷ ಎಂದು ಬರೆದಿದ್ದರು. ಅರಕೇರಾದ ಹತ್ತಿರ ಮೊಬೈಲಿಗೆ ನೆಟ್‌ವರ್ಕ್ ಸರಿಯಾಗಿ ಸಿಗುವುದು ಒಂದು ದಿನ್ನೆಯ ಮೇಲೆ. ಸಂದರ್ಶನಕ್ಕೆ ಮೊಬೈಲ್ ಒಂದೇ ಸಾಕಿತ್ತು. ಆದರೆ ಮೈಕ್ ಶರಣಪ್ಪ ಬರಿಗೈಯಲ್ಲಿ ಹೋದರೆ ಯುರೋಪ್ ಏನಂದುಕೊಂಡೀತು? ನಾಲ್ಕು ದೊಡ್ಡ ಸ್ಪೀಕರ್, ಆಂಪ್ಲಿಫೈಯರ್, ಜನರೇಟರ್ ಎಲ್ಲವನ್ನೂ ಗೂಡ್ಸ್ ಗಾಡಿಯಲ್ಲಿ ಹೇರಿಕೊಂಡು ದಿನ್ನೆ ಹತ್ತಿಸಿದೆ. ಬಟ್ಟೆ ಅಂಗಡಿಯಲ್ಲಿ ಕೊಂಡ ಹೊಸ ಕೋಟು ಹಾಕಿಕೊಂಡೆ. ಬಿಸಿಲು ಅಂದರೆ ಬಿಸಿಲು. ಕೋಟು ಮಾತ್ರ ಬಿಚ್ಚಲಿಲ್ಲ.

ಮಧ್ಯಾಹ್ನ ಸರಿಯಾಗಿ ಒಂದಕ್ಕೆ ತೆರೆಯ ಮೇಲೆ ಮೂವರು ಕಾಣಿಸಿಕೊಂಡರು. ಇಬ್ಬರು ಹೆಣ್ಣುಮಕ್ಕಳು, ಒಬ್ಬರು ಗಡ್ಡದವರು. ಮೇಡಂ ರಾಯಚೂರಿನಿಂದಲೇ ಸೇರಿಕೊಂಡು ಎರಡೂ ಕಡೆಯ ಮಾತನ್ನು ತರ್ಜುಮೆ ಮಾಡುತ್ತಿದ್ದರು. ಎಲ್ಲ ಸುಸೂತ್ರವಾಗಿ ನಡೆಯಿತು. ಕೊನೆಗೆ ಗಡ್ಡದವರು ಸ್ಪೀಕರುಗಳ ಕಡೆ ಬೆರಳು ಮಾಡಿ ಏನೋ ಕೇಳಿದರು.

“ಶರಣಪ್ಪನವ್ರೇ, ಆ ದನಿ ಬಯಲಾಗ ಹೆಂಗ ಕೇಳ್ತದ ಅಂತ ನೋಡಬೇಕಂತ್ರಿ. ಸ್ವಲ್ಪ ಹಚ್ಚಬಹುದೇನು ಅಂತ ಕೇಳಾಕತ್ತಾರ” ಎಂದರು ಮೇಡಂ.

ಮಾವನಿಗೆ ಕೊಟ್ಟ ಮಾತು ನೆನಪಾಯಿತು. ಅದರ ಹಿಂದೆಯೇ ವಿಮಾನವೂ ನೆನಪಾಯಿತು. ಕುರಿಗಳು ಒಣಗಿದ ಹಳ್ಳದಾಚೆ ಚುಕ್ಕೆಗಳ ಹಾಗೆ ಕಾಣುತ್ತಿದ್ದವು. ಅಲ್ಲಿಯವರೆಗೆ ನನ್ನ ಸ್ಪೀಕರ್ ಮುಟ್ಟುವುದಿಲ್ಲ ಎಂದು ನನಗೆ ಖಾತ್ರಿಯಿತ್ತು. ‘ಒಂದು ಕಿಲೋಮೀಟರ್ ಕೇಳ್ತದ್ರಿ’ ಎಂದು ಗಿರಾಕಿಗಳಿಗೆ ಇಪ್ಪತ್ತು ವರ್ಷ ಸುಳ್ಳು ಹೇಳಿದವನಿಗೆ, ಅದು ನಿಜವೂ ಆಗಬಹುದು ಎಂಬ ಅನುಮಾನ ಬರಲಿಲ್ಲ!

ಹಚ್ಚಿದೆ.

ಚುಕ್ಕೆಗಳು ಒಮ್ಮೆಲೇ ಅಲುಗಾಡಿದವು. ಗಾಳಿ ಆ ಕಡೆಗೇ ಬೀಸುತ್ತಿತ್ತು. ದಿನ್ನೆಗೂ ಹಳ್ಳಕ್ಕೂ ನಡುವೆ ಹಣಮಂತ್ರಾಯ ಎಂಬವರ ತೊಗರಿ ಹೊಲ ಹಸಿರಾಗಿ ನಿಂತಿತ್ತು. ನೀರಿಗೆ ಹೊರಟ ಕುರಿ ಸುತ್ತುದಾರಿ ಹಿಡಿಯುವುದಿಲ್ಲ. ಗೌಡಶಾನಿ ತೊಗರಿಯೊಳಗೆ ನುಗ್ಗಿದಳು, ಅವಳ ಹಿಂದೆ ಇನ್ನೂರು. ಗಾಬರಿಯಲ್ಲಿ ನಾನು ಧ್ವನಿ ತಗ್ಗಿಸುವ ಗುಂಡಿಯನ್ನು ಪೂರ್ತಿ ಹೆಚ್ಚಿಸುವ ಕಡೆಗೆ ತಿರುಗಿಸಿದೆ. ವೃತ್ತಿಪರರಿಂದಲೂ ಇಂಥದ್ದು ಆಗುತ್ತದೆ!

ನಾಲ್ಕೇ ನಿಮಿಷದಲ್ಲಿ ದಿನ್ನೆಯ ಮೇಲೆ ಕುರಿಗಳ ಜಾತ್ರೆ. ಒಂದು ಮರಿ ಕೋಟಿನ ಅಂಚು ಚೀಪತೊಡಗಿತು. ಇನ್ನೊಂದು ಮೊಬೈಲ್ ನಿಲ್ಲಿಸಿದ್ದ ಸ್ಟ್ಯಾಂಡನ್ನು ಕೆಡವಿತು. ಅಲ್ಲಿಂದ ಮುಂದೆ ಆಯ್ಕೆ ಸಮಿತಿಯವರು ಕುರಿಯ ಹೊಟ್ಟೆಯನ್ನು ಕೆಳಗಿನಿಂದ ನೋಡಿದರು. “ಶರಣಪ್ಪನವ್ರೇ, ಏನಾತ್ರಿ? ಅವ್ರು ಕೇಳಾಕತ್ತಾರ, ಏನ್ ಹೇಳ್ಲಿ?” ಎಂಬ ಮೇಡಂ ದನಿ ಕಾಲುಗಳ ನಡುವಿನಿಂದ ಬರುತ್ತಿತ್ತು. ಆಮೇಲೆ ಅದೂ ನಿಂತಿತು.

ಕುರಿಗಳು ಮಾತ್ರ ಗದ್ದಲ ಮಾಡಲಿಲ್ಲ. ಸ್ಪೀಕರುಗಳ ಸುತ್ತ ಮೂಸಿದವು, ನೆಲ ಮೂಸಿದವು, ಕೊನೆಗೆ ಎಲ್ಲ ನನ್ನ ಮುಖವನ್ನೇ ನೋಡುತ್ತ ನಿಂತವು. ಅಷ್ಟರಲ್ಲಿ ಮಾವ ಏದುಸಿರು ಬಿಡುತ್ತ ದಿನ್ನೆ ಹತ್ತಿ ಬಂದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

“ನೀರೆಲ್ಲದ?” ಎಂದರು.

ನನ್ನ ಬಳಿ ಒಂದು ಲೀಟರಿನ ಬಾಟಲಿ ಇತ್ತು. ಅದರಲ್ಲೂ ಅರ್ಧ ಕುಡಿದಿದ್ದೆ.

ಮರುದಿನ ಮಧ್ಯಾಹ್ನ ಮಾವ ಕಾಲುವೆಯ ದಂಡೆಯಲ್ಲಿ ನಿಂತು ಕರೆದರು. ಗೌಡಶಾನಿ ತಲೆ ಎತ್ತಿದಳು, ಕೇಳಿದಳು, ಮತ್ತೆ ಮೇಯತೊಡಗಿದಳು. ಮಾವ ಇನ್ನೊಮ್ಮೆ ಕರೆದರು. ಒಂದೂ ಬರಲಿಲ್ಲ. ಬಾಯಾರಿದ್ದ ಇನ್ನೂರು ಕುರಿಗಳನ್ನು ಮಾವನೂ ನಾನೂ ಅಟ್ಟಿಕೊಂಡು ನೀರಿಗೆ ಹಚ್ಚುವುದರಲ್ಲಿ ಹೊತ್ತು ಇಳಿದಿತ್ತು. ಮಾವ ದಂಡೆಯ ಮೇಲೆ ಕುಳಿತು ತಮ್ಮ ಗಂಟಲನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು, ತಪ್ಪು ಅಲ್ಲೇ ಆಗಿದೆಯೇನೋ ಎಂಬಂತೆ. ಅವರ ನಲವತ್ತು ವರ್ಷದ ಮಾತನ್ನು ನಾನು ನಾಲ್ಕು ನಿಮಿಷದಲ್ಲಿ ಸುಳ್ಳು ಮಾಡಿದ್ದೆ. ನನಗೆ ಅಳು ಬಂತು. ಇದರಲ್ಲಿ ಉತ್ಪ್ರೇಕ್ಷೆ ಇಲ್ಲ.

ತೊಗರಿ ತುಳಿಸಿಕೊಂಡ ಹಣಮಂತ್ರಾಯರು ದೊಡ್ಡ ಮನುಷ್ಯರು. “ಆದದ್ದು ಆತು. ಬಾಜೂಕಿನ ಖಾಲಿ ಹೊಲದಾಗ ಎಂಟು ದಿನ ಕುರಿ ನಿಂದ್ರಸ್ರಿ, ಗೊಬ್ಬರಾದ್ರೂ ಬೀಳ್ಲಿ” ಎಂದರು. ಮಾವ ಒಪ್ಪಿ ನನ್ನ ಕಡೆ ತಿರುಗಿದರು.

“ನೀನೂ ನಿಂದ್ರು. ದಿನಾ ಮೂರು ಸಲ ಕರೀತೀನಿ. ಕರದಾಗೊಮ್ಮಿ ಅವುಗಳ ಮುಂದ ನೀರಿರಬೇಕು. ತುಂಬಾವ ನೀನು.”

ಹೀಗೆ ನನ್ನ ರೆಸಿಡೆನ್ಸಿ ಆರಂಭವಾಯಿತು. ವಸತಿ, ಒಂದು ಕಂಬಳಿ. ಊಟ, ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ. ಸ್ಥಳೀಯ ಮಾರ್ಗದರ್ಶಿ, ಶ್ರೀ ಅಮರಪ್ಪ. ಕಾಲುವೆಯಿಂದ ಹೊಲದ ತೊಟ್ಟಿಗೆ ಕೊಡ ಹೊತ್ತು ಹೊತ್ತು ಹೆಗಲು ಬಾತುಕೊಂಡಿತು. ಉಳಿದ ಹೊತ್ತು ಕೇಳುವುದೇ ಕೆಲಸ. ಹುಲಿಗೆಮ್ಮ ದಿನಾ ಫೋನ್ ಮಾಡಿ, “ನಮ್ಮಪ್ಪ ಹೇಳಿದ್ದು ಕೇಳಾಕತ್ತೀರಲ್ರಿ?” ಎಂದು ವಿಚಾರಿಸುತ್ತಿದ್ದಳು.

ಐದನೆಯ ದಿನ ಮೇಡಂ ಫೋನ್ ಮಾಡಿದರು. ಯುರೋಪಿನಿಂದ ಪತ್ರ ಬಂದಿತ್ತು. ನನ್ನ ಪ್ರದರ್ಶನ ಮರೆಯಲಾಗದ್ದು ಎಂದೂ, ಆದರೆ ಈ ಸಲ ಅವಕಾಶ ಕೊಡಲಾಗದ್ದಕ್ಕೆ ಬಹಳ ವಿಷಾದವಿದೆಯೆಂದೂ ಬರೆದಿದ್ದರು. ಆಗ ನನ್ನ ಹೆಗಲ ಮೇಲೆ ಕೊಡ ಇತ್ತು. ದುಃಖಪಡಲು ಪುರಸೊತ್ತಾಗಲಿಲ್ಲ.

ಎಂಟನೆಯ ದಿನ ಮಧ್ಯಾಹ್ನ ಮಾವ ಕರೆದರು. ಗೌಡಶಾನಿ ತಲೆ ಎತ್ತಿದಳು. ಬಹಳ ಹೊತ್ತು ಯೋಚಿಸಿದಳು. ಆಮೇಲೆ ನಡೆದಳು, ನಡೆದವಳು ಓಡಿದಳು, ಇನ್ನೂರೂ ಹಿಂದೆ ಬಂದವು! ಮಾವ ಕಂಬಳಿಯ ಅಂಚಿನಿಂದ ಮುಖ ಒರೆಸಿಕೊಂಡರು. ನಾನೂ ನನ್ನ ಕೋಟಿನಿಂದ ಒರೆಸಿಕೊಂಡೆ.

ಸಂಜೆ ಹೊರಡುವ ಮುಂಚೆ ಮಾವನೇ ಹೇಳಿದರು. “ಅಳಿಯಾ, ತೊಟ್ಟಿ ತುಂಬೇದ. ಈಗ ಕರದ್ರ ಸುಳ್ಳಲ್ಲ. ನೀ ಒಮ್ಮಿ ಕರಿ.”

ಅಂತಿಮ ಪ್ರದರ್ಶನ! ಕೋಟಿನ ಗುಂಡಿ ಹಾಕಿಕೊಂಡೆ. ಗಂಟಲು ಸರಿಮಾಡಿಕೊಂಡೆ. ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ, ಎಂಟು ದಿನ ಕೇಳಿ ಕಲಿತದ್ದನ್ನೆಲ್ಲ ಸೇರಿಸಿ, ಎದೆ ತುಂಬ ಉಸಿರು ತುಂಬಿಕೊಂಡು ಕರೆದೆ.

ಗೌಡಶಾನಿ ತಲೆ ಎತ್ತಿದಳು. ತೊಟ್ಟಿಯಲ್ಲಿದ್ದ ನೀರನ್ನು ನೋಡಿದಳು. ನನ್ನನ್ನು ನೋಡಿದಳು. ನಿಧಾನವಾಗಿ ಬೆನ್ನು ತಿರುಗಿಸಿ ಮೇಯತೊಡಗಿದಳು. ಉಳಿದ ಸದಸ್ಯರು ಸರ್ವಾನುಮತದಿಂದ ಬೆಂಬಲಿಸಿದರು.

ಯುರೋಪಿನವರು ವಿಷಾದವನ್ನಾದರೂ ವ್ಯಕ್ತಪಡಿಸಿದ್ದರು.